ಗುಣವಾದವರ ಪಟ್ಟಿಯಿಂದ ನನ್ನ ಹೆಸರು ತೆಗೆಯಿರಿ

ನಮ್ಮ ಶ್ರೀನಿವಾಸಪುರದ ಕಡೆ ಮನೆಯಲ್ಲಿ ಯಾರಾದರೂ ಮಂಕಾಗಿ ಕೂತರೆ, ಮಾತು ಬಿಟ್ಟರೆ, ಮದುವೆ ಬೇಡ ಎಂದು ಹಟ ಹಿಡಿದರೆ ಎಲ್ಲಿಗೆ ಕರೆದುಕೊಂಡು ಹೋಗಬೇಕೆಂದು ಯಾರೂ ಯೋಚಿಸಬೇಕಿಲ್ಲ. ಅಮಾವಾಸ್ಯೆಗೆ ಒಂದು ಕಡೆ, ಗುರುವಾರಕ್ಕೆ ಇನ್ನೊಂದು ಕಡೆ, ಭಾನುವಾರಕ್ಕೆ ಮತ್ತೊಂದು ಕಡೆ. ಮನೆಮಾತು ತೆಲುಗು, ಕಚೇರಿಯ ಮಾತು ಕನ್ನಡ, ಮಾವಿನ ಮಂಡಿಯಲ್ಲಿ ಅರ್ಧಕ್ಕರ್ಧ ಉರ್ದು ಇರುವ ಊರು ಇದು. ಹರಕೆಗೂ ನಮ್ಮಲ್ಲಿ ಗಡಿಯಿಲ್ಲ. ತಿರುಪತಿಗೆ ಮುಡಿ ಕೊಡುವವರೇ ಮಗುವಿಗೆ ಜ್ವರ ಬಂದರೆ ಮಸೀದಿ ಬಾಗಿಲಲ್ಲಿ ಊದಿಸಿಕೊಂಡು ಬರುತ್ತಾರೆ. ಕೋಮುಗಲಭೆಯ ಸುದ್ದಿ ಓದಿದಾಗಲೆಲ್ಲ ಇದನ್ನು ನಾನು ಹೊರಗಿನವರಿಗೆ ಹೆಮ್ಮೆಯಿಂದ ಹೇಳುವುದುಂಟು. ಈಗಲೂ ಹೇಳುತ್ತೇನೆ. ಆದರೆ ಈ ಮೂರು ಬಾಗಿಲುಗಳನ್ನೂ ದಾಟಿ ಬಂದ ಒಬ್ಬ ಹುಡುಗನ ಕಾಗದ ಪತ್ರ ನೋಡಿದ ಮೇಲೆ ಆ ಹೆಮ್ಮೆಗೆ ಒಂದು ಷರಾ ಸೇರಿದೆ.

ನಾನು ಇಲ್ಲಿ ವಕೀಲಿ ಮಾಡುವವಳು. ಪಾಲುಪಟ್ಟಿ, ಚೆಕ್ ಬೌನ್ಸ್, ತೋಪು ಗುತ್ತಿಗೆಗೆ ಕೊಟ್ಟು ಕಾಯಿ ಇಳಿಸುವ ಹೊತ್ತಿಗೆ ಮಾತು ತಪ್ಪಿದವರ ತಗಾದೆ, ಇವೇ ನನ್ನ ಅನ್ನ. ಹುಡುಗ ಬಂದು ಕೂತವನು ಮೊದಲು ಹೇಳಿದ್ದು: "ಲಾಯರಮ್ಮ, ಕೇಸ್ ಬೇಡ. ಮೂರು ಕಡೆಗೆ ಒಂದೊಂದು ಕಾಗದ ಬರೆದುಕೊಡಿ, ಸಾಕು." ಅವನ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಊರು, ಮನೆತನ, ಜಾಗಗಳ ಗುರುತು ಸಿಗದಂತೆ ಮಾಡಿದ್ದೇನೆ.

ಪಿಯುಸಿ ಓದುವಾಗ ಅವನ ಮೊಬೈಲು ಅಪ್ಪನ ಕೈಗೆ ಸಿಕ್ಕಿತು. ಅದರಲ್ಲಿ ಇನ್ನೊಬ್ಬ ಹುಡುಗನಿಗೆ ಬರೆದ ಮೆಸೇಜುಗಳಿದ್ದವು. ಓದಿದವರಿಗೆ ಅನುಮಾನ ಉಳಿಯುವಂತಿರಲಿಲ್ಲ. "ಗಾಳಿ ಸೋಕಿದೆ" ಎಂದು ಅಜ್ಜಿ ತೀರ್ಮಾನ ಕೊಟ್ಟರು. ಮೊದಲನೆಯ ಜಾಗದಲ್ಲಿ ದಾರ ಕಟ್ಟಿ, ಬಾಗಿಲು ಹಾಕಿದ ಕೋಣೆಯಲ್ಲಿ ಮೆಣಸಿನಕಾಯಿ ಹೊಗೆ ಹಾಕಿದರು. ಎರಡನೆಯ ಕಡೆ ಒಂದು ಶೆಡ್ಡಿನಲ್ಲಿ ಉಳಿಸಿಕೊಂಡು, ರಾತ್ರಿ ಕಾಲಿಗೆ ಹಗ್ಗ ಕಟ್ಟುತ್ತಿದ್ದರು. ಮೂರನೆಯದು ಪ್ರಾರ್ಥನಾ ಮಂದಿರ. ಅಲ್ಲಿ ಹೊಡೆತವಿಲ್ಲ, ಹಗ್ಗವಿಲ್ಲ. ಉಪವಾಸ, ಸುತ್ತ ನಿಂತು ತಲೆ ಮೇಲೆ ಕೈಯಿಟ್ಟು ಗಂಟೆಗಟ್ಟಲೆ ಪ್ರಾರ್ಥನೆ, ಕೊನೆಗೆ ಒಂದು ಭಾನುವಾರ ವೇದಿಕೆ ಹತ್ತಿಸಿ ಕೈಗೆ ಮೈಕು. "ನಾನು ಬದಲಾಗಿದ್ದೇನೆ" ಎಂದು ಅವನು ಹೇಳಿದ. ಸಭೆಯವರು ಚಪ್ಪಾಳೆ ತಟ್ಟಿದರು, ಅವನ ಅಮ್ಮ ಅತ್ತರು. ಯಾರೋ ಅದನ್ನು ಮೊಬೈಲಿನಲ್ಲಿ ಹಿಡಿದರು. ಆ ವಿಡಿಯೊ ಇವತ್ತಿಗೂ ಅವನ ನೆಂಟರ ಗುಂಪುಗಳಲ್ಲಿ ಓಡಾಡುತ್ತಿದೆ.

ಹಾಗೇಕೆ ಹೇಳಿದೆಯಪ್ಪಾ ಎಂದು ಕೇಳಿದೆ. "ಮನೆಗೆ ಹೋಗಬೇಕಿತ್ತು" ಎಂದ.

ಅವನು ಬರೆಸಲು ಬಂದ ಕಾಗದದಲ್ಲಿ ಎರಡೇ ಬೇಡಿಕೆ. ಗುಣವಾದವರ ಪಟ್ಟಿಯಿಂದ ನನ್ನ ಹೆಸರು ತೆಗೆಯಿರಿ, ಆ ವಿಡಿಯೊ ಅಳಿಸಿ ಎಂಬುದು ಒಂದು. ನಿಮ್ಮಲ್ಲಿ ನನಗೆ ಹೀಗೆ ಮಾಡಿದ್ದು ನಿಜ ಎಂದು ಒಂದು ಸಾಲು ಬರೆದುಕೊಡಿ ಎಂಬುದು ಇನ್ನೊಂದು. ದುಡ್ಡು ಕೇಳಲಿಲ್ಲ, ಯಾರನ್ನೂ ಜೈಲಿಗೆ ಕಳಿಸಬೇಕೆನ್ನಲಿಲ್ಲ.

ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದೆವು. ತಲುಪಿದ ಕಾರ್ಡುಗಳು ಸಹಿಯಾಗಿ ವಾಪಸು ಬಂದವು, ಉತ್ತರ ಬರಲಿಲ್ಲ. ಬಾಯಿಮಾತಿನಲ್ಲಿ ಬಂದದ್ದು ಇಷ್ಟು. ಮೊದಲನೆಯವರು, "ನಾವು ಯಾರನ್ನೂ ಕರೆಯುವುದಿಲ್ಲ, ಬರುವವರು ಬರುತ್ತಾರೆ, ದೇವರು ನೋಡಿಕೊಳ್ಳುತ್ತಾನೆ" ಎಂದರು. ಎರಡನೆಯವರು ಶೆಡ್ಡು ತಮ್ಮ ಕಾಂಪೌಂಡಿನ ಒಳಗಿಲ್ಲ, ಅದು ಖಾಸಗಿಯವರದು ಎಂದರು. ವಕೀಲಳಾಗಿ ಒಪ್ಪುತ್ತೇನೆ, ಸರ್ವೆ ನಂಬರಿನ ಮಟ್ಟಿಗೆ ಅದು ಸರಿಯಾದ ಉತ್ತರವೇ. ಮೂರನೆಯ ಕಡೆಯ ಪಾಸ್ಟರು ಮಾತ್ರ ಫೋನ್ ಎತ್ತಿ ನಿಧಾನವಾಗಿ ಮಾತಾಡಿದರು. ಒರಟರಲ್ಲ, ಹುಡುಗನ ಹೆಸರೂ ನೆನಪಿತ್ತು. "ಅವನು ಗುಣವಾಗಿದ್ದ ಮೇಡಂ, ಮತ್ತೆ ಬಿದ್ದುಹೋದ. ಬರಲಿ, ನಮ್ಮ ಬಾಗಿಲು ತೆರೆದಿದೆ."

ಪಾಸ್ಟರ ಈ ಮಾತು ನನಗೆ ಎಲ್ಲವನ್ನೂ ತಿಳಿಸಿತು. ನಮ್ಮ ಮಂಡಿಯ ಲೆಕ್ಕದ ಪುಸ್ತಕದಲ್ಲಿ ಒಳ್ಳೆಯ ತೋತಾಪುರಿಗೆ ಒಂದು ಕಾಲಂ ಇದ್ದರೆ, ದಾರಿಯಲ್ಲಿ ಜಜ್ಜಿಹೋದ ಕಾಯಿಗೂ ಒಂದು ಕಾಲಂ ಇರುತ್ತದೆ. ಯಾರ ಲಾರಿಯಲ್ಲಿ ಜಜ್ಜಿತು ಎಂಬ ಜಗಳ ಆಮೇಲೆ, ಜಜ್ಜಿದ್ದನ್ನು ಬರೆದುಕೊಳ್ಳುವುದಂತೂ ಖಂಡಿತ. ಧರ್ಮಸ್ಥಾನಗಳ ಪುಸ್ತಕದಲ್ಲಿ ಆ ಕಾಲಮ್ಮೇ ಇಲ್ಲ. ಬದಲಾದೆನೆಂದವನು ದೇವರ ಮಹಿಮೆಯ ಲೆಕ್ಕಕ್ಕೆ ಹೋಗುತ್ತಾನೆ. ಬದಲಾಗದವನು ಭಕ್ತಿ ಕಡಿಮೆಯಾದವನ, ನಡುವೆ ಬಿಟ್ಟುಹೋದವನ, ಮತ್ತೆ ಬಿದ್ದವನ ಲೆಕ್ಕಕ್ಕೆ. ಅಲ್ಲಿಂದ ನೋವು ಹೊತ್ತು ಎದ್ದುಬಂದವನಿಗೆ ಬರೆಯಲು ಜಾಗವಿಲ್ಲ. ಬರೆದರೆ ಎರಡರಲ್ಲಿ ಒಂದನ್ನು ಒಪ್ಪಬೇಕಾಗುತ್ತದೆ: ನಮ್ಮ ದೇವರಿಗೆ ಗುಣಪಡಿಸಲಾಗಲಿಲ್ಲ ಎಂದು, ಇಲ್ಲವೇ ಗುಣಪಡಿಸಲು ಅಲ್ಲಿ ಏನೂ ಇರಲಿಲ್ಲ ಎಂದು. ಎರಡೂ ಅವರಿಗೆ ಕಷ್ಟ.

ಎರಡನೆಯದು ನಿಜ. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಸಲಿಂಗಾಕರ್ಷಣೆಯನ್ನು ಕಾಯಿಲೆಗಳ ಪಟ್ಟಿಯಿಂದ ತೆಗೆಯಿತು. ನಮ್ಮ ಭಾರತೀಯ ಮನೋವೈದ್ಯರ ಸಂಘ 2018ರಲ್ಲಿ ಇದು ಮಾನಸಿಕ ಕಾಯಿಲೆಯಲ್ಲ ಎಂದು ಬಹಿರಂಗವಾಗಿ ಹೇಳಿತು. 2017ರ ಮಾನಸಿಕ ಆರೋಗ್ಯ ಕಾಯ್ದೆಯ 3ನೇ ಕಲಮು ಇನ್ನೂ ಸ್ಪಷ್ಟ. ಒಬ್ಬರ ನಡವಳಿಕೆ ಸಮುದಾಯದ ನೀತಿಗೋ ಧಾರ್ಮಿಕ ನಂಬಿಕೆಗೋ ಹೊಂದುವುದಿಲ್ಲ ಎಂಬ ಕಾರಣಕ್ಕೆ ಅವರನ್ನು ಮಾನಸಿಕ ರೋಗಿ ಎನ್ನುವಂತಿಲ್ಲ. ಇಲ್ಲದ ಕಾಯಿಲೆಗೆ ಮಾಡುವ ಈ ಚಿಕಿತ್ಸೆಗೆ, ಅದು ಕರೆಂಟ್ ಶಾಕ್ ಆಗಿರಲಿ, ಮಾತ್ರೆಯಾಗಿರಲಿ, ಹೊಗೆ, ಉಪವಾಸ, ಮಂತ್ರ ಆಗಿರಲಿ, ಕನ್ವರ್ಷನ್ ಥೆರಪಿ ಎನ್ನುತ್ತಾರೆ. ಮನಸ್ಸಿನ ಒಲವನ್ನು ಅದು ಬದಲಿಸಿದ್ದಕ್ಕೆ ಪುರಾವೆಯಿಲ್ಲ. ಖಿನ್ನತೆ, ಭಯ, ಪ್ರಾಣ ಕಳೆದುಕೊಳ್ಳುವ ಯೋಚನೆಗಳನ್ನು ತಂದಿಟ್ಟದ್ದಕ್ಕೆ ಬೇಕಾದಷ್ಟಿದೆ.

ವೈದ್ಯರೇನು ಸಾಚಾಗಳಾಗಿರಲಿಲ್ಲ. ಬೆಂಗಳೂರಿನ ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್ 2001ರಲ್ಲಿ ಲೈಂಗಿಕ ಅಲ್ಪಸಂಖ್ಯಾತರ ಮೇಲಿನ ದೌರ್ಜನ್ಯಗಳ ವರದಿ ತಂದಾಗ ಪೊಲೀಸರ ಜೊತೆಗೆ ವೈದ್ಯರ ಹೆಸರೂ ಅದರಲ್ಲಿತ್ತು. ಅದೇ ವರ್ಷ ದೆಹಲಿಯಲ್ಲಿ ಒಬ್ಬರ ಮೇಲೆ ನಡೆದ ಇಂಥ ಚಿಕಿತ್ಸೆಯ ದೂರು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗಕ್ಕೆ ಹೋಯಿತು. ಆಯೋಗ ತಳ್ಳಿಹಾಕಿತು. ಆಮೇಲೆ ಇಪ್ಪತ್ತು ವರ್ಷ ಬೇಕಾಯಿತು, ಒಂದು ಸಾವೂ ಬೇಕಾಯಿತು. ಕೇರಳದ ಅಂಜನಾ ಹರೀಶ್ ಎಂಬ 21 ವರ್ಷದ ವಿದ್ಯಾರ್ಥಿನಿ 2020ರ ಮಾರ್ಚಿನಲ್ಲಿ ಫೇಸ್‌ಬುಕ್ಕಿನಲ್ಲಿ ಮಾತಾಡಿದ್ದಳು. ತನ್ನ ಒಲವಿನ ಬಗ್ಗೆ ಹೇಳಿಕೊಂಡದ್ದಕ್ಕೆ ಮನೆಯವರು ಬಲವಂತವಾಗಿ ಕೇಂದ್ರಗಳಿಗೆ ಸೇರಿಸಿದ್ದು, ಅಲ್ಲಿ ಕೊಟ್ಟ ಔಷಧಗಳಿಂದ ಯಂತ್ರದಂತಾದದ್ದು, ಎಲ್ಲವನ್ನೂ. ಮೇ ತಿಂಗಳಲ್ಲಿ ಗೋವಾದಲ್ಲಿ ಅವಳು ತೀರಿಕೊಂಡಳು. ಮನೋವೈದ್ಯರ ಸಂಘ ಇಂಥ ಚಿಕಿತ್ಸೆಯ ವಿರುದ್ಧ ಹೇಳಿಕೆ ಕೊಟ್ಟಿತು. ಮರುವರ್ಷ ಜೂನ್ 7ರಂದು, ಮಧುರೈನಿಂದ ಚೆನ್ನೈಗೆ ಓಡಿಬಂದ ಇಬ್ಬರು ಯುವತಿಯರ ಪ್ರಕರಣದಲ್ಲಿ ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಎನ್. ಆನಂದ್ ವೆಂಕಟೇಶ್ ಇಂಥ ಚಿಕಿತ್ಸೆಯನ್ನು ನಿಷೇಧಿಸುವ ನಿರ್ದೇಶನ ಕೊಟ್ಟರು. ತೀರ್ಪಿನಲ್ಲಿ ಅವರು ತಮಗೂ ಈ ವಿಷಯದಲ್ಲಿ ಪೂರ್ವಗ್ರಹಗಳಿದ್ದವೆಂದು ಬರೆದರು, ಅರ್ಥ ಮಾಡಿಕೊಳ್ಳಲು ಸ್ವತಃ ಒಬ್ಬ ಮನಶ್ಶಾಸ್ತ್ರಜ್ಞೆಯ ಮುಂದೆ ಕೂತರು. ನಮ್ಮ ವೃತ್ತಿಯಲ್ಲಿ ಮೂವತ್ತು ವರ್ಷ ಕಳೆದರೂ ಇಂಥ ಮಾತನ್ನು ಪೀಠದಿಂದ ಕೇಳುವುದು ಅಪರೂಪ. ಆ ಪ್ರಕರಣದ ಬೆನ್ನಲ್ಲೇ 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಕನ್ವರ್ಷನ್ ಥೆರಪಿಯನ್ನು ವೃತ್ತಿ ದುರ್ನಡತೆ ಎಂದು ಘೋಷಿಸಿತು. ಅಂದರೆ ಇವತ್ತು ಡಾಕ್ಟರೊಬ್ಬರು ಇದನ್ನು ಮಾಡಿದರೆ ಅವರ ರಿಜಿಸ್ಟ್ರೇಷನ್ ನಂಬರು ಹಿಡಿದು ದೂರು ಕೊಡಬಹುದು.

ಪೂಜಾರಿಗೆ, ಮೌಲ್ವಿಗೆ, ಪಾಸ್ಟರಿಗೆ ಯಾವ ನಂಬರು?

ಕಾನೂನು ಪೂರ್ತಿ ಕೈಚೆಲ್ಲಿದೆ ಎಂದಲ್ಲ. ಕರ್ನಾಟಕದ್ದೇ ಒಂದು ಕಾಯ್ದೆ ಇದೆ, ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರ ತಡೆಯುವ 2017ರ ಕಾಯ್ದೆ. 2020ರಿಂದ ಜಾರಿಯಲ್ಲಿದೆ. ದೆವ್ವ ಬಿಡಿಸುವ ನೆಪದಲ್ಲಿ ಕಟ್ಟಿಹಾಕುವುದು, ಹೊಡೆಯುವುದು, ಮೆಣಸಿನಕಾಯಿ ಹೊಗೆ ಹಾಕುವುದು ಇದರಡಿ ಅಪರಾಧ. ಶಿಕ್ಷೆ ಒಂದರಿಂದ ಏಳು ವರ್ಷ. ನಮ್ಮ ಹುಡುಗನ ಮೊದಲನೆಯ ಜಾಗಕ್ಕೆ ಇದು ಹೇಳಿ ಬರೆಸಿದಂತಿದೆ. ಎರಡನೆಯ ಶೆಡ್ಡಿಗೆ ಅಕ್ರಮ ಬಂಧನದ ಕಲಮು ಸಾಕು, ಈಗಿನ ನ್ಯಾಯ ಸಂಹಿತೆಯಲ್ಲಿ ಅದು 127. ಮಾನಸಿಕ ಆರೋಗ್ಯ ಕಾಯ್ದೆಯೂ ಸರಪಳಿ ಹಾಕುವುದನ್ನು ನಿಷೇಧಿಸುತ್ತದೆ. ಅದರ ಹಿಂದೆ ಒಂದು ಘೋರ ಚರಿತ್ರೆ ಇದೆ. 2001ರ ಆಗಸ್ಟ್ 6ರ ಬೆಳಗಿನ ಜಾವ ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾಕ್ಕೆ ಬಂದ ಮಾನಸಿಕ ರೋಗಿಗಳನ್ನು ಇಟ್ಟುಕೊಳ್ಳುತ್ತಿದ್ದ ಖಾಸಗಿ ಕೇಂದ್ರಕ್ಕೆ ಬೆಂಕಿ ಬಿತ್ತು. ಸರಪಳಿಯಲ್ಲಿದ್ದವರಿಗೆ ಓಡಲಾಗಲಿಲ್ಲ. 28 ಜನ ಸತ್ತರು. ಕಾಂಪೌಂಡಿನ ಒಳಗಿಲ್ಲ, ಖಾಸಗಿಯವರದು ಎಂಬ ಉತ್ತರ ಕೇಳಿದಾಗ ನನಗೆ ನೆನಪಾದದ್ದು ಏರ್ವಾಡಿ.

ಆದರೆ ಇಲ್ಲೊಂದು ಕಾನೂನಿನ ಕುಚೋದ್ಯವಿದೆ. ಮಾನಸಿಕ ಆರೋಗ್ಯ ಕಾಯ್ದೆ ರಕ್ಷಿಸುವುದು ಮಾನಸಿಕ ಕಾಯಿಲೆ ಇರುವವರನ್ನು. ನಮ್ಮ ಹುಡುಗನಿಗೆ ಕಾಯಿಲೆಯೇ ಇಲ್ಲ. ರೋಗಿಯಾಗಿದ್ದರೆ ಅವನನ್ನು ಇಟ್ಟುಕೊಂಡವರಿಗೆ ನೋಂದಣಿ, ತಪಾಸಣೆ, ರಿವ್ಯೂ ಬೋರ್ಡು ಎಲ್ಲ ಬರುತ್ತಿತ್ತು. ಆರೋಗ್ಯವಂತನಾದದ್ದರಿಂದ ಅವನು ಬೇಲಿಯ ಆಚೆ ಉಳಿದ. ಇನ್ನು ಮೂರನೆಯ ಜಾಗ, ಅಂದರೆ ಕೈಯೆತ್ತದೆ, ಹಗ್ಗ ಮುಟ್ಟದೆ ಬರೀ ಪ್ರಾರ್ಥನೆಯಿಂದ ಒಬ್ಬನನ್ನು ತನ್ನ ಮೇಲೆ ತಾನೇ ಅಸಹ್ಯಪಡುವಂತೆ ಮಾಡುವ ಜಾಗಕ್ಕೆ, ನಮ್ಮಲ್ಲಿ ಯಾವ ಕಲಮೂ ನೇರವಾಗಿ ಹೊಂದುವುದಿಲ್ಲ. ಮೈಗೆ ಹಾನಿಯಾಗದ ಪೂಜೆ ಪ್ರಾರ್ಥನೆಗಳನ್ನು ವಾಮಾಚಾರ ಕಾಯ್ದೆ ಹೊರಗಿಟ್ಟಿದೆ. ಇಡಬೇಕಾದದ್ದೇ, ಇಲ್ಲದಿದ್ದರೆ ಪೊಲೀಸರು ಭಜನೆ ಮನೆಗಳಿಗೂ ನುಗ್ಗಿಯಾರು. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ 2021ರಲ್ಲಿ ಮಾಡಿದ ಕಾನೂನು ಮಾತ್ರ ಒಬ್ಬನ ಒಲವನ್ನು ಬದಲಿಸುವ ಉದ್ದೇಶದಿಂದ ಅವನ ಮೇಲೆ ನಡೆಸುವ ಪ್ರಾರ್ಥನೆಯನ್ನೂ ಒಳಗೆ ತಂದಿತು. ಅಲ್ಲಿನ ಚರ್ಚುಗಳೂ ಮಸೀದಿಗಳೂ ಆಕ್ಷೇಪಿಸಿದವು. ಅಂಥ ಕಾನೂನು ನಮ್ಮಲ್ಲಿ ಬೇಕೇ ಎಂದು ಕೇಳಿದರೆ ನಾನು ಥಟ್ಟನೆ ಹೌದು ಎನ್ನಲಾರೆ. ಪ್ರಾರ್ಥನೆಯನ್ನು ಸ್ಟೇಷನ್ನಿಗೆ ಎಳೆದ ಮೇಲೆ ಅದು ಯಾರ ಪ್ರಾರ್ಥನೆಗೆ ಮೊದಲು ತಗಲುತ್ತದೆ ಎಂಬುದು ನಮ್ಮ ರಾಜ್ಯದಲ್ಲಿ ಕೋರ್ಟು ಕಚೇರಿ ನೋಡಿದವರಿಗೆಲ್ಲ ಗೊತ್ತು. ಅದಕ್ಕೇ ಹುಡುಗ ಕೇಳಿದ ಒಂದು ಸಾಲಿನ ಬೆಲೆ ನನಗೆ ದೊಡ್ಡದಾಗಿ ಕಾಣುವುದು. ಕಾನೂನು ಮುಟ್ಟಲಾರದ ಜಾಗವನ್ನು ಒಪ್ಪಿಗೆ ಮುಟ್ಟಬಲ್ಲದು.

ಒಪ್ಪಿಗೆ ಮಾತ್ರ ಸಿಗುವುದಿಲ್ಲ. ಧಾರ್ಮಿಕ ಸಂಸ್ಥೆಗಳು ಈ ವಿಷಯದಲ್ಲಿ ಮೌನಿಗಳು ಎಂದುಕೊಳ್ಳಬೇಡಿ. 2009ರ ಜುಲೈ 2ರಂದು ದೆಹಲಿ ಹೈಕೋರ್ಟು ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ 377ನೇ ಕಲಮಿನ ಹಲ್ಲು ಕಿತ್ತಾಗ ಕೇಂದ್ರ ಸರ್ಕಾರ ಮೇಲ್ಮನವಿ ಹಾಕಲಿಲ್ಲ. ಸುಪ್ರೀಂ ಕೋರ್ಟಿಗೆ ಹೋದವರ ಪಟ್ಟಿ ನೋಡಿ: ಸುರೇಶ್ ಕುಮಾರ್ ಕೌಶಲ್ ಎಂಬ ಜ್ಯೋತಿಷಿ, ಅಖಿಲ ಭಾರತ ಮುಸ್ಲಿಂ ವೈಯಕ್ತಿಕ ಕಾನೂನು ಮಂಡಳಿ, ಅಪೋಸ್ಟೋಲಿಕ್ ಚರ್ಚಸ್ ಅಲಯನ್ಸ್, ಉತ್ಕಲ ಕ್ರಿಶ್ಚಿಯನ್ ಕೌನ್ಸಿಲ್, ಸನಾತನ ಧರ್ಮ ಪ್ರತಿನಿಧಿ ಸಭಾ. ಮಂಡಿಯಲ್ಲಿ ಒಂದೇ ಬೆಂಚಿನ ಮೇಲೆ ಕೂರದವರು ಸುಪ್ರೀಂ ಕೋರ್ಟಿನಲ್ಲಿ ಒಂದೇ ಕಡೆ ನಿಂತರು. 2013ರ ಡಿಸೆಂಬರ್ 11ರಂದು ಗೆದ್ದರೂ ಗೆದ್ದರು. ಬಾಬಾ ರಾಮದೇವ್ ಅದೇ ತಿಂಗಳು ಯೋಗದಿಂದ ಸಲಿಂಗಾಕರ್ಷಣೆಯನ್ನು ವಾಸಿಮಾಡುತ್ತೇನೆ ಎಂದರು. ನಮ್ಮ ಬೆಂಗಳೂರಿನ ಶ್ರೀ ಶ್ರೀ ರವಿಶಂಕರ್ ಇದು ಅಪರಾಧವಲ್ಲ ಎಂದು ಆ ತೀರ್ಪನ್ನು ವಿರೋಧಿಸಿದವರು. ಒಳ್ಳೆಯದು. ಆದರೆ 2017ರಲ್ಲಿ ಜೆಎನ್‌ಯುನಲ್ಲಿ ವಿದ್ಯಾರ್ಥಿಯೊಬ್ಬ ಕೇಳಿದಾಗ, ನಿನ್ನನ್ನು ನೀನು ಒಪ್ಪಿಕೋ ಎಂದ ಉಸಿರಿನಲ್ಲೇ ಈ ಒಲವು ಶಾಶ್ವತವಲ್ಲ, ಬದಲಾಗಲೂಬಹುದು ಎಂದೂ ಹೇಳಿದರು. ಬದಲಾಗಬಹುದು ಎಂಬ ಆ ಒಂದು ಮಾತು ಹಳ್ಳಿಯ ಅಪ್ಪನಿಗೆ ತಲುಪುವಾಗ ಬದಲಾಯಿಸಬಹುದು ಎಂದಾಗಿರುತ್ತದೆ.

2018ರ ಸೆಪ್ಟೆಂಬರ್ 6ರಂದು ಐವರು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಆ ಕಲಮನ್ನು ಒಪ್ಪಿತ ಸಂಬಂಧಗಳಿಂದ ತೆಗೆದುಹಾಕಿತು. ಅರ್ಜಿದಾರರಲ್ಲಿ ನಮ್ಮ ರಾಜ್ಯದ ಅಕ್ಕೈ ಪದ್ಮಶಾಲಿಯೂ ಇದ್ದರು. ಈ ಸಮುದಾಯಕ್ಕೂ ಅವರ ಕುಟುಂಬಗಳಿಗೂ ಇತಿಹಾಸ ಕ್ಷಮೆ ಕೇಳಬೇಕಿದೆ ಎಂಬರ್ಥದ ಮಾತನ್ನು ನ್ಯಾಯಮೂರ್ತಿ ಇಂದು ಮಲ್ಹೋತ್ರಾ ತೀರ್ಪಿನಲ್ಲಿ ಬರೆದರು. ದೊಡ್ಡ ಮಾತು. ಆದರೆ ಇತಿಹಾಸಕ್ಕೆ ಲೆಟರ್‌ಹೆಡ್ ಇಲ್ಲ, ಸೀಲಿಲ್ಲ, ಸಹಿ ಹಾಕುವ ಕೈಯಿಲ್ಲ. ಟ್ರಸ್ಟುಗಳಿಗೆ, ಕಮಿಟಿಗಳಿಗೆ, ಸಭೆಗಳಿಗೆ ಇವೆಲ್ಲ ಇವೆ.

ಹಾಗೆ ಕ್ಷಮೆ ಕೇಳಿದವರುಂಟು. ಅಮೆರಿಕದಲ್ಲಿ ಎಕ್ಸೋಡಸ್ ಇಂಟರ್‌ನ್ಯಾಷನಲ್ ಎಂಬ ಕ್ರೈಸ್ತ ಸಂಸ್ಥೆ 1976ರಿಂದ ಒಲವು ಬದಲಿಸುವ ಇದೇ ಕೆಲಸ ಮಾಡಿಕೊಂಡು ಬಂದಿತ್ತು. ಅದರ ಮುಖ್ಯಸ್ಥ ಅಲನ್ ಚೇಂಬರ್ಸ್ 2013ರ ಜೂನಿನಲ್ಲಿ ನೊಂದವರ ಕ್ಷಮೆ ಕೇಳಿ ಸಂಸ್ಥೆಯನ್ನೇ ಮುಚ್ಚಿದರು. ಚರ್ಚ್ ಆಫ್ ಇಂಗ್ಲೆಂಡಿನ ಸಭೆ 2017ರಲ್ಲಿ ಮತ ಹಾಕಿ ಈ ಪದ್ಧತಿಯನ್ನು ಖಂಡಿಸಿತು. ದೇವರು ಅವರನ್ನು ಬಿಟ್ಟುಹೋದ ಸುದ್ದಿಯೇನೂ ಬಂದಿಲ್ಲ.

ನಮ್ಮ ಪರಂಪರೆಯಲ್ಲಿ ಇಂಥವರಿಗೆ ಜಾಗವಿತ್ತಲ್ಲ ಎಂದು ಹೇಳುವವರಿದ್ದಾರೆ, ದೇವಿಗೆ ಮುಡಿಪಾದ ಜೋಗಪ್ಪಂದಿರನ್ನು ತೋರಿಸುತ್ತಾರೆ. ಇತ್ತು, ಸುಳ್ಳಲ್ಲ. ಪದ್ಮಶ್ರೀ ಮಂಜಮ್ಮ ಜೋಗತಿಯವರ ಬದುಕು ಕೇಳಿ. 1975ರ ಸುಮಾರಿಗೆ ಹುಲಿಗೆಮ್ಮನ ಸನ್ನಿಧಿಯಲ್ಲಿ ಉಡದಾರ ಹರಿದು, ಸೀರೆ ಉಡಿಸಿ, ಬಳೆ ತೊಡಿಸಿ ಮುತ್ತು ಕಟ್ಟಿದರು. ಮಗ ಸತ್ತನೆಂದು ತಾಯಿ ಅತ್ತರು. ಗುಡಿ ಒಂದು ಜಾಗ ಕೊಟ್ಟಿತು, ಆದರೆ ಮನೆಯ ಹೊರಗೆ ಕೊಟ್ಟಿತು. ಆಮೇಲೆ ಅವರು ಭಿಕ್ಷೆ ಬೇಡಿದರು, ಜೋಗತಿ ಕುಣಿತ ಕಲಿತರು, ಕುಣಿದು ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು. ದೇವಿ ಹಿಡಿದಿದ್ದಾಳೆ ಎಂದರೆ ಒಪ್ಪುವ ಸಮಾಜ, ನಾನು ಇರುವುದೇ ಹೀಗೆ ಎಂದರೆ ಒಪ್ಪುವುದಿಲ್ಲ. ನಮ್ಮ ಹುಡುಗನಿಗೆ ಸೀರೆಯೂ ಬೇಡ, ಮುತ್ತೂ ಬೇಡ. ಅವನು ಪ್ಯಾಂಟು ಶರ್ಟಿನ ಸಾಮಾನ್ಯ ಹುಡುಗ, ಬೆಂಗಳೂರಿನಲ್ಲಿ ದುಡಿಯುತ್ತಾನೆ, ತಿಂಗಳಿಗೊಮ್ಮೆ ಅಮ್ಮನಿಗೆ ದುಡ್ಡು ಹಾಕುತ್ತಾನೆ. ಅವನಂಥವರಿಗೆ ಪರಂಪರೆಯಲ್ಲಿ ಯಾವ ಜಾಗವಿತ್ತೋ ನನಗೆ ಕಾಣದು.

ಅಪ್ಪ ಅಮ್ಮಂದಿರನ್ನು ನಾನು ಇಲ್ಲಿ ಕಟಕಟೆಗೆ ಹತ್ತಿಸುತ್ತಿಲ್ಲ. ಅವನ ಅಪ್ಪ ಒಂದು ವರ್ಷದ ಫಸಲಿನ ದುಡ್ಡನ್ನು ಈ ಮೂರು ಕಡೆ ಸುರಿದವರು, ಮಗ ಉಳಿಯಲಿ ಎಂದೇ ಸುರಿದವರು. ಇವನಿಗೇನೂ ಆಗಿಲ್ಲ, ಕರೆದುಕೊಂಡು ಹೋಗಿ ಎಂದು ಯಾರಾದರೂ ಒಬ್ಬರು ಹೇಳಿದ್ದರೆ ಬಹುಶಃ ಕೇಳುತ್ತಿದ್ದರು. ನಮ್ಮ ಕಡೆ ಡಾಕ್ಟರ ಮಾತಿಗಿಂತ, ಲಾಯರ ನೋಟಿಸಿಗಿಂತ ಆ ಬಾಗಿಲುಗಳ ಮಾತು ನಡೆಯುತ್ತದೆ. ಅಷ್ಟು ನಡೆಯುವ ಮಾತು ಇರುವವರು ಆಡದೆ ಉಳಿದರಲ್ಲ ಎಂಬುದೇ ನನ್ನ ತಕರಾರು.

ಆದ್ದರಿಂದ ಈ ತಾಲ್ಲೂಕಿನ, ಈ ಜಿಲ್ಲೆಯ ಗುಡಿ, ದರ್ಗಾ, ಸಭೆಗಳ ಹಿರಿಯರಲ್ಲಿ ಕೇಳಿಕೊಳ್ಳುವುದು ಇಷ್ಟೇ. ಇಂಥ ಮಕ್ಕಳನ್ನು ಕರೆತಂದಾಗ ವಾಪಸು ಕಳಿಸಿ. ಹಿಂದೆ ಬಂದುಹೋದವರು ಕಾಗದ ಬರೆದರೆ ಉತ್ತರ ಕೊಡಿ. ವೇದಿಕೆ ಹತ್ತಿಸಿ ಹೇಳಿಸಿದ ಮಾತಿನ ವಿಡಿಯೊಗಳನ್ನು ಅವರು ಬೇಡವೆಂದರೆ ತೆಗೆಸಿ. ಒಬ್ಬರ ಒಲವು ಅವರ ಖಾಸಗಿತನದ ಭಾಗ ಎಂದು ಸುಪ್ರೀಂ ಕೋರ್ಟು 2017ರ ಆಗಸ್ಟ್ 24ರ ಪುಟ್ಟಸ್ವಾಮಿ ತೀರ್ಪಿನಲ್ಲೇ ಹೇಳಿದೆ, ಆ ಪ್ರಕರಣ ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನಲ್ಲೇ ನ್ಯಾಯಮೂರ್ತಿಯಾಗಿದ್ದವರು.

ಇದನ್ನು ಓದುತ್ತಿರುವ ಯಾರಾದರೂ ಅಂಥ ಕೋಣೆಯೊಳಗೆ ಇದ್ದು ಬಂದಿದ್ದರೆ, ಅಥವಾ ನಾಳೆ ಕರೆದೊಯ್ಯುತ್ತಾರೆಂಬ ಭಯದಲ್ಲಿದ್ದರೆ, ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಕಾನೂನು ನೆರವಿಗೆ 15100. ಎರಡೂ ಉಚಿತ. ಜಾಗ, ತಾರೀಖು, ಅಲ್ಲಿದ್ದವರ ಹೆಸರು ನೆನಪಿರುವಾಗಲೇ ಒಂದು ಕಾಗದದಲ್ಲಿ ಬರೆದಿಡಿ. ಅವರು ಬರೆದುಕೊಳ್ಳದಿದ್ದರೆ ನೀವಾದರೂ ಬರೆದುಕೊಂಡಿರಿ.